ಸಮುದ್ರದಾಗ ನಡೆದ ಉದ್ದಪ್ಪ

ಗೋಕಾಕದ ಕೆಳಗೆ ಘಟಪ್ರಭೆಯ ದಂಡೆಯ ಆ ಊರಿನಲ್ಲಿ ಯಾರಾದರೂ ನಂಬಲಾಗದ ಮಾತಾಡಿದರೆ, ಕೇಳಿದವರು "ಹೌದಪಾ ಹೌದು, ಉದ್ದಪ್ಪ ಸಮುದ್ರದಾಗ ನಡದಂಗ" ಎನ್ನುತ್ತಿದ್ದರು. ಕಳೆ ಕೀಳುವ ಹೆಂಗಸರಿಂದ ಹಿಡಿದು ಗಾಣದ ಮುಂದೆ ಕಬ್ಬು ಹೊರುವ ಆಳುಗಳವರೆಗೆ ಎಲ್ಲರ ಬಾಯಲ್ಲೂ ಅದು ಗಾದೆಯಾಗಿ ಹೋಗಿತ್ತು. ಉದ್ದಪ್ಪನ ಎದುರಿಗೇ ಅನ್ನುತ್ತಿದ್ದರು. ಅವನು ನಕ್ಕು ಸುಮ್ಮನಾಗುತ್ತಿದ್ದ. ನಗದೆ ಇದ್ದವಳು ಅವನ ಹೆಂಡತಿ ಕಾಶೆವ್ವ ಒಬ್ಬಳೇ.

ಉದ್ದಪ್ಪ ಒಕ್ಕಲುತನದವನು. ಶಿವರಾತ್ರಿ ಮುಗಿದು ಗಾಣದ ಕೆಲಸ ಹಗುರಾದ ಮೇಲೆ ಊರಿನ ಗಾಡಿಗಳೆಲ್ಲ ಬೆಲ್ಲ ಹೇರಿಕೊಂಡು ವೆಂಗುರ್ಲೆಯ ಬಂದರಿಗೆ ಇಳಿಯುವುದು ಹಿಂದಿನಿಂದ ಬಂದ ರೂಢಿ. ಒಂದು ವರ್ಷ ಬಂದರಿನಲ್ಲಿ ಅವನ ಎತ್ತಿನ ಕಾಲು ಉಳುಕಿತು. ಉಳಿದ ಗಾಡಿಗಳು ಮುಂದೆ ಹೋದವು; ಅವನು ಒಬ್ಬನೇ ಹಿಂದೆ ಉಳಿದ. ಅಂದು ಸಂಜೆ ದಂಡೆಗೆ ಹೋಗಿ, ನೀರಿನೊಳಗೆ ನಿಂತ ಹಕ್ಕಿಗುಂಡು ಎಂಬ ಕರಿ ಬಂಡೆಯವರೆಗೆ ನಡೆದು ಹೋಗಿ ಬಂದೆನೆಂದು ಊರಿಗೆ ಬಂದಮೇಲೆ ಹೇಳಿದ. ಕಾಲಿಗೆ ನೀರು ಹತ್ತಲಿಲ್ಲ ಎಂದ. ಬಂಡೆ ಕಾಣದಷ್ಟು ಹಕ್ಕಿಗಳು ಕೂತಿದ್ದವು, ಬಿಳಿ ಎದೆಯ ದೊಡ್ಡ ಹದ್ದೊಂದು ಮರಿಗೆ ಹಾವು ತಿನ್ನಿಸುತ್ತಿತ್ತು, ಏಡಿಗಳಿಗೆ ಕಣ್ಣು ಕಡ್ಡಿಯ ತುದಿಯಲ್ಲಿದ್ದವು ಎಂದ. ವರ್ಷ ವರ್ಷ ಆ ಬಂಡೆಯನ್ನು ನೋಡಿದ ಗಾಡಿಕಾರರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅದರ ಸುತ್ತ ಆಳ ಗೊತ್ತಿಲ್ಲದ ನೀರು. ಅಲ್ಲಿಗೆ ಹೋದವನು ಮೀನುಗಾರರ ದೋಣಿ ಹತ್ತಿಯೇ ಹೋಗಿರಬೇಕು. ಎದೆಯ ಮೇಲೆ ಲಿಂಗ ಕಟ್ಟಿಕೊಂಡು ಮೀನಿನ ದೋಣಿಯಲ್ಲಿ ಕೂತವನು ಆಚಾರಗೆಟ್ಟವನು. ಕೂರದೆ ಹೋದೆನೆಂದವನು ಸುಳ್ಳುಗಾರ. ಎರಡರಲ್ಲಿ ಒಂದನ್ನು ಆರಿಸಿಕೋ ಎಂದು ಗಾಡಿಕಾರರೊಳಗಿನ ಮಾತುಗಾರ ಮಾಳಪ್ಪ ಅವನನ್ನು ಕೆಣಕುತ್ತಿದ್ದ.

ಉದ್ದಪ್ಪ ಎರಡನ್ನೂ ಆರಿಸಿಕೊಳ್ಳದೆ ಆ ಶ್ರಾವಣದಲ್ಲಿ ಶಿವನ ಪಾದ ಸೇರಿದ.

ಮಳೆಗಾಲ ಕಳೆದು, ಜೋಳದ ರಾಶಿ ಮುಗಿದು, ಮತ್ತೆ ಗಾಡಿ ಹೂಡುವ ಕಾಲ ಬಂದಾಗ ಅವನ ತಮ್ಮ ಪರಪ್ಪ ಅಂಗಳದಲ್ಲಿ ಅತ್ತಿಗೆಯ ಮುಂದೆ ಕೂತು, ಬಹಳ ಹೊತ್ತು ನೆಲ ಕೆರೆದು, ಕಡೆಗೆ ಬಾಯಿ ಬಿಟ್ಟ.

"ವೈನಿ, ಸಿಟ್ಟಾಗಬ್ಯಾಡ್ರಿ. ಅಣ್ಣ ನನ್ನ ಹೆಗಲ ಮ್ಯಾಲ ಹೊತ್ತು ಬೆಳಸಿದಾವ. ಅವನ ಹೆಸರಿನ ಮ್ಯಾಲ ಒಂದು ಸುಳ್ಳು ಯಾಕ ಉಳೀಬೇಕು? ವರ್ಷದ ಪುಣ್ಯತಿಥಿಯೊಳಗ ಮಠಕ್ಕ ಹೋಗಿ ಅಯ್ಯನವರ ಮುಂದ ಒಂದು ತಪ್ಪುಗಾಣಿಕಿ ಇಟ್ಟು ಬರೂಣು. ಆತ್ಮಕ್ಕ ಶಾಂತಿ ಆಗತೈತಿ."

"ಏನಂತ ಹೇಳಿ ಇಡತೀ?"

"ನಮ್ಮ ಅಣ್ಣ ಆಡಿದ ಮಾತು ತಪ್ಪಾಗೇತಿ, ಹೊಟ್ಟ್ಯಾಗ ಹಾಕ್ಕೋರಿ ಅಂತ."

ಕಾಶೆವ್ವ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು. ಬೆಲ್ಲದ ಪೆಂಟೆಯಲ್ಲಿ ಮಣ್ಣು ಸೇರಿದ್ದರೆ, ಕೊಳ್ಳುವವನು ಕೇಳುವ ಮೊದಲೇ "ಇದು ಬ್ಯಾಡ್ರಿ, ಇದರಾಗ ಮಣ್ಣೈತಿ" ಎಂದು ಎತ್ತಿ ಬದಿಗಿಡುತ್ತಿದ್ದ ಗಂಡ ಅವಳ ಕಣ್ಣ ಮುಂದೆ ಬಂದ. ಲಾಭಕ್ಕೂ ಸುಳ್ಳಾಡದವನು ಹಕ್ಕಿಯ ಸಲುವಾಗಿ ಆಡುತ್ತಾನೆಯೇ?

"ನನ್ನ ಕರಕೊಂಡು ಹೋಗು," ಎಂದಳು.

"ಎಲ್ಲಿಗ್ರಿ?"

"ಬಂದರಕ್ಕ. ನಾ ಕಣ್ಣಾರೆ ನೋಡತೇನಿ. ದಾರಿ ಇಲ್ಲಾಂದ್ರ ತಪ್ಪುಗಾಣಿಕಿ ನನ್ನ ಕೈಲೇ ಇಡತೇನಿ. ದಾರಿ ಇತ್ತಂದ್ರ ಆ ಮಾತು ಮತ್ತ ನಿನ್ನ ಬಾಯಾಗ ಬರಬಾರದು."

ಊರು ಆಡಿಕೊಂಡಿತು. ಗಂಡ ಸತ್ತು ವರ್ಷ ತುಂಬಿಲ್ಲ, ಮುದುಕಿ ಸಮುದ್ರ ನೋಡಾಕ ಹೊಂಟಾಳ ಎಂದಿತು. ಕಾಶೆವ್ವ ಖಡಕ್ ರೊಟ್ಟಿ ಬಡಿದು ಬಟ್ಟೆಯಲ್ಲಿ ಕಟ್ಟಿಕೊಂಡಳು. ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ ತುಂಬಿಕೊಂಡಳು. ಲಿಂಗಪೂಜೆಗೆಂದು ತಾಮ್ರದ ಬಿಂದಿಗೆಯಲ್ಲಿ ಹೊಳೆಯ ನೀರು ಹಿಡಿದು ಬಾಯಿಗೆ ಬಟ್ಟೆ ಬಿಗಿದಳು. ಬೆಲ್ಲದ ಪೆಂಟೆಗಳ ನಡುವೆ ಜಾಗ ಮಾಡಿಕೊಂಡು ಕೂತಳು. ಗಾಡಿಗಳು ಹುಕ್ಕೇರಿ ದಾಟಿ, ಸಂಕೇಶ್ವರದಲ್ಲಿ ತಂಗಿ, ಆಜರೆಯ ಮೇಲೆ ಹಾದು ಅಂಬೋಲಿ ಘಟ್ಟ ಇಳಿದವು. ಘಟ್ಟದಲ್ಲಿ ಯಾವನೋ ಸಾಹೇಬನ ಮೋಟಾರು ಬುಸುಗುಡುತ್ತ ಬಂದು ಎತ್ತುಗಳನ್ನು ಬೆದರಿಸಿ ಹೋಯಿತು. ಮಾಳಪ್ಪ ದಾರಿಯುದ್ದಕ್ಕೂ ಸುಮ್ಮನಿರಲಿಲ್ಲ.

"ಯವ್ವಾ, ಸಮುದ್ರದಾಗ ನಡಿಯಾಕ ಮೆಟ್ಟು ಹೊಸಾವು ಹೊಲಿಸೀಯೋ, ಹಳೀವ ಸಾಕೋ?"

"ನಿನ್ನ ನಾಲಿಗಿ ತೊಗಲು ಕೊಡು, ಗಟ್ಟಿ ಐತಿ. ಅದರಲೇ ಹೊಲಿಸ್ತೇನಿ," ಎಂದಳು ಕಾಶೆವ್ವ. ಹಿರಿಯ ಗಾಡಿಕಾರ ಬಸವಣ್ಣೆಪ್ಪ ಮುಂದಿನ ಗಾಡಿಯಿಂದಲೇ ನಕ್ಕ. ಎಲ್ಲರ ಮುಂದೆ ಹೋಗುವ ಗಾಡಿ ಅವನದು. ಅವನು ನಿಲ್ಲು ಎಂದಲ್ಲಿ ಎಲ್ಲರೂ ನಿಲ್ಲುತ್ತಿದ್ದರು.

ಹೋಳಿ ಹುಣ್ಣಿಮೆಯ ಮುಂಜಾನೆ ಬಂದರು ಮುಟ್ಟಿದರು. ಬೆಲ್ಲ ಇಳಿಸಿ, ಉಪ್ಪು ತೆಂಗಿನಕಾಯಿ ಹೇರುವಷ್ಟರಲ್ಲಿ ಹೊತ್ತು ಏರಿತ್ತು. ಪರಪ್ಪ ಅತ್ತಿಗೆಯನ್ನು ದಂಡೆಗೆ ಕರೆದುಕೊಂಡು ಹೋದ. ಹುಟ್ಟಿದಾರಭ್ಯ ಹೊಳೆಯ ನೀರು ನೋಡಿದವಳಿಗೆ ಈ ನೀರು ತಿಳಿಯಲಿಲ್ಲ. ಇದು ಒಂದು ಕಡೆಗೆ ಹರಿಯುತ್ತಿರಲಿಲ್ಲ. ಮಜ್ಜಿಗೆ ಕಡೆದ ಹಾಗೆ ಬರುತ್ತಿತ್ತು, ಹೋಗುತ್ತಿತ್ತು. ಎರಡು ಹೊಲ ದಾಟಿದಷ್ಟು ದೂರದಲ್ಲಿ ಹಕ್ಕಿಗುಂಡು ಕಪ್ಪಗೆ ನಿಂತಿತ್ತು. ಸುತ್ತ ನೀರು, ಬರೀ ನೀರು. ತೆರೆಗಳು ಅದರ ಸೊಂಟಕ್ಕೆ ಬಡಿದು ಬೆಳ್ಳಗೆ ಹಾರುತ್ತಿದ್ದವು. ನೆತ್ತಿಯ ಮೇಲೆ ನಾಲ್ಕೆಂಟು ಹಕ್ಕಿಗಳು ಕೂತಿದ್ದವು, ಅಷ್ಟೇ.

"ನೋಡ್ರಿ ವೈನಿ," ಎಂದ ಪರಪ್ಪ. ದನಿಯಲ್ಲಿ ಗೆದ್ದ ಸಂತೋಷವಿರಲಿಲ್ಲ. "ಫಾಲ್ಗುಣ ಬಂತು. ನಮ್ಮ ಹೊಳಿ ಈಗ ಮೊಣಕಾಲುದ್ದ ಇಳದೈತಿ, ಎಲ್ಲಿ ಬೇಕಾದಲ್ಲಿ ದಾಟಬಹುದು. ಈಗ ಬಯಲಾಗದ ದಾರಿ ಇನ್ನ ಯಾವಾಗ ಬಯಲಾಗತೈತಿ? ಮಳಿಗಾಲದಾಗ?"

ಕಾಶೆವ್ವ ಬಂಡೆಯನ್ನೇ ನೋಡಿದಳು. ಅವನು ಹೇಳುವುದರಲ್ಲಿ ತಪ್ಪೇನಿತ್ತು? ಬೇಸಿಗೆಯಲ್ಲಿ ಇಳಿದ ನೀರು ಮುಂಗಾರಿನವರೆಗೆ ಏರುವುದಿಲ್ಲ. ಏರಿದ ನೀರು ಮಳೆ ನಿಲ್ಲುವವರೆಗೆ ಇಳಿಯುವುದಿಲ್ಲ. ಅವಳು ಬಲ್ಲ ನೀರಿನ ನ್ಯಾಯ ಅದು.

ಗಾಡಿಕಾರರೆಲ್ಲ ದಿಬ್ಬದ ಮೇಲಿನ ಶಿವನ ಗುಡಿಗೆ ಹೊರಟರು. ಬಂದರಿನಲ್ಲಿ ಒಣಗಲು ಹಾಕಿದ ಮೀನಿನ ನಾತ ತಾಗದ ಜಾಗ ಅದೊಂದೇ. ಅಲ್ಲಿಯೇ ಸ್ನಾನ, ಪೂಜೆ, ಊಟ. ಆಮೇಲೆ ಎತ್ತು ಬಿಸಿಲಾರಿಸಿಕೊಂಡು ಘಟ್ಟದ ಕಡೆಗೆ ಮುಖ. ಅವರ ಅಪ್ಪಂದಿರೂ ಹಾಗೆಯೇ ಮಾಡುತ್ತಿದ್ದರು. ಮಧ್ಯಾಹ್ನದ ಮೇಲೆ ದಂಡೆಗೆ ಇಳಿದವರು ಯಾರೂ ಇರಲಿಲ್ಲ.

"ನೀವು ಹೋಗ್ರಿ. ನಾ ಪೂಜಿ ಇಲ್ಲೇ ಮಾಡತೇನಿ," ಎಂದಳು ಕಾಶೆವ್ವ.

"ಈ ನಾತದಾಗ?"

"ನಾತ ಮೂಗಿಗೆ, ಶಿವಗಲ್ಲ."

ಪರಪ್ಪ ಗೊಣಗುತ್ತ, ಅವಳನ್ನು ಒಬ್ಬಳನ್ನೇ ಬಿಡಲಾರದೆ, ತೆಂಗಿನ ಮರದ ಬುಡದಲ್ಲಿ ರುಮಾಲು ಮುಖಕ್ಕೆ ಹಾಕಿಕೊಂಡು ಅಡ್ಡಾದ. ಅವಳು ತೆರೆ ಬಂದು ಮುಟ್ಟುವ ಜಾಗದಿಂದ ಒಂದು ಮಾರು ಹಿಂದೆ ಕೂತಳು. ಹೊಳೆಯ ನೀರಿನಿಂದ ಕೈಕಾಲು ಮುಖ ತೊಳೆದು, ವಿಭೂತಿ ಧರಿಸಿ, ಲಿಂಗವನ್ನು ಎಡಗೈಯ ಅಂಗೈಯಲ್ಲಿಟ್ಟುಕೊಂಡು ದೃಷ್ಟಿ ನಿಲ್ಲಿಸಿದಳು. ಗಂಡ ತೀರಿಕೊಂಡ ದಿನದಿಂದ ಪೂಜೆಯಲ್ಲಿ ಅವಳ ಮನಸ್ಸು ನಿಲ್ಲುತ್ತಿರಲಿಲ್ಲ. ಅಂದು ಬೇಡಿಕೊಳ್ಳುವುದು ಒಂದೇ ಇದ್ದುದರಿಂದಲೋ ಏನೋ, ನಿಂತಿತು. 'ಅವರ ಮಾತು ಸುಳ್ಳಾಗಿದ್ದರೆ ಅದನ್ನು ತಾಳಿಕೊಳ್ಳುವ ಶಕ್ತಿ ಕೊಡು. ಖರೆಯಾಗಿದ್ದರೆ ನನಗೆ ತೋರಿಸು.'

ಕಣ್ಣೆತ್ತಿದಾಗ ತೆರೆ ದೂರವಿತ್ತು.

ಎಲ್ಲೋ ಒಡ್ಡು ಒಡೆದಿರಬೇಕು ಎಂದುಕೊಂಡಳು. ನೀರು ತಾನಾಗಿ ಹೋಗುವುದುಂಟೇ? ತೆಂಗಿನ ಗರಿಯ ಕಡ್ಡಿಯೊಂದನ್ನು ನೀರಿನ ಅಂಚಿನಲ್ಲಿ ಚುಚ್ಚಿ ನಿಂತು ನೋಡಿದಳು. ರೊಟ್ಟಿಯೊಂದನ್ನು ಮುರಿದು ತಿನ್ನುವಷ್ಟರಲ್ಲಿ ನೀರು ಕಡ್ಡಿಯನ್ನು ಬಿಟ್ಟು ಸರಿಯಿತು. ಇನ್ನೊಂದು ಚುಚ್ಚಿದಳು. ಅದನ್ನೂ ಬಿಟ್ಟಿತು. ಮೀನು ಒಣಹಾಕುತ್ತಿದ್ದ ಹೆಂಗಸೊಬ್ಬಳು ಇದನ್ನು ನೋಡಿ, ಅಜ್ಜಿ ಮರಳಿನಲ್ಲಿ ಏನು ಬಿತ್ತುತ್ತೀ ಎಂದು ಮರಾಠಿಯಲ್ಲಿ ಕೇಳಿ ನಕ್ಕಳು. ಸಂಕೇಶ್ವರದ ಸಂತೆಯಲ್ಲಿ ಕಲಿತ ಅರೆಬರೆ ಮರಾಠಿಯಲ್ಲಿ ಕಾಶೆವ್ವ, ನೀರು ಎಲ್ಲಿ ಹೋಗುತ್ತಿದೆ ಎಂದು ಕೇಳಿದಳು.

"ಮನೆಗೆ ಹೋಗುತ್ತಿದೆ. ಉಂಡು ತಿರುಗಿ ಬರುತ್ತದೆ," ಎಂದಳು ಆ ಹೆಂಗಸು. ಇದಕ್ಕಿಂತ ಹೆಚ್ಚು ಹೇಳುವಂಥದು ಅದರಲ್ಲಿ ಏನಿದೆ ಎಂಬಂತೆ ಮತ್ತೆ ಮೀನಿಗೆ ಬಾಗಿದಳು.

ಬಿಸಿಲು ಪಡುವಣಕ್ಕೆ ವಾಲುವ ಹೊತ್ತಿಗೆ ಹಕ್ಕಿಗುಂಡಿನ ಸೊಂಟದ ಕೆಳಗೆ ತೊಡೆ ಕಂಡಿತು. ಆಮೇಲೆ ಪಾಚಿಯ ಹಸಿರು ಕಾಲು. ದಂಡೆಗೂ ಅದಕ್ಕೂ ನಡುವೆ ನೀರಿನ ಬಣ್ಣ ತೆಳುವಾಯಿತು. ಒಂದು ಕಡೆ ಎತ್ತಿನ ಬೆನ್ನಿನ ಹಾಗೆ ಮರಳು ಎದ್ದಿತು. ಇನ್ನೊಂದು ಕಡೆಯೂ ಎದ್ದಿತು. ಎರಡೂ ಮೆಲ್ಲಗೆ ಬಂದು ಕೂಡಿಕೊಂಡವು.

ಕಾಶೆವ್ವ "ಪರಪ್ಪಾ" ಎಂದು ಎರಡು ಸಲ ಕರೆದಳು. ಗೊರಕೆ ಕೇಳಿತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ಶಿವಾ" ಎಂದು ಕಾಲಿಟ್ಟಳು. ಮರಳು ಗಟ್ಟಿಯಿತ್ತು, ಕಣದ ನೆಲದ ಹಾಗೆ. ಎಡಕ್ಕೆ ಸಮುದ್ರ, ಬಲಕ್ಕೆ ಸಮುದ್ರ, ನಡುವೆ ಅವಳು. ಹೆಜ್ಜೆಯ ಸದ್ದಿಗೆ ಬಿಳಿ ಏಡಿಗಳು ಅಡ್ಡಡ್ಡ ಓಡಿ ಬಿಲದ ಬಾಯಲ್ಲಿ ನಿಂತು ನೋಡಿದವು. ಅವುಗಳ ಕಣ್ಣು ಕಡ್ಡಿಯ ತುದಿಯಲ್ಲಿದ್ದವು!

"ಅಯ್ಯ ನನ್ನ ಶಿವನ, ಅವರು ಹೇಳಿದಂಗ ಅದಾವ," ಎಂದು ಗಟ್ಟಿಯಾಗಿಯೇ ಅಂದಳು. ಕೇಳುವವರು ಏಡಿಗಳಷ್ಟೇ.

ಅಷ್ಟರಲ್ಲಿ ಹಿಂದಿನಿಂದ ಕೂಗು ಕೇಳಿತು. ಪರಪ್ಪ ಎದ್ದಿದ್ದ. ಕಣ್ಣುಜ್ಜಿ ನೋಡಿದರೆ ಅಣ್ಣನ ಹೆಂಡತಿ ಸಮುದ್ರದ ನಡುವೆ ನಿಂತಿದ್ದಳು.

"ವೈನೀ! ಏ ವೈನೀ! ಮುಳಗತೀರಿ, ತಿರಗ್ರಿ! ಯಾರರೆ ಬರ್ರಪೋ!"

ಕಾಶೆವ್ವ ತಿರುಗಿ ಸೀರೆಯ ಅಂಚನ್ನು ಚೂರು ಎತ್ತಿ ಒಣಗಿದ ಪಾದ ತೋರಿಸಿದಳು.

"ಮೆಟ್ಟು ಕಳಿಯಬ್ಯಾಡ ಪರಪ್ಪಾ! ಹಂಗs ಬಾ!"

ಪರಪ್ಪ ಒಂದು ಹೆಜ್ಜೆಯಿಟ್ಟು ನಿಂತ, ಮತ್ತೊಂದಿಟ್ಟು ನಿಂತ, ಕಡೆಗೆ ಓಡಿಯೇ ಬಂದ. ಇಬ್ಬರೂ ಬಂಡೆಯ ಬುಡದಲ್ಲಿ ಅಂಟಿದ ಚೂಪು ಚಿಪ್ಪುಗಳು ಕಾಲು ಕೊಯ್ಯದಂತೆ ನೋಡಿಕೊಂಡು ಹತ್ತಿ, ಗೂಡಿನಂಥ ಒಂದು ಜಾಗದಲ್ಲಿ ಕೂತರು. ಬಂಡೆಯ ಸಂದುಗಳಲ್ಲಿ ಗೋಕಾಕ ಜಲಪಾತದ ಕಲ್ಲುಗಳಲ್ಲಿ ಇರುವಂಥವೇ ಬೂದು ಪಾರಿವಾಳಗಳಿದ್ದವು. ಅವು ಗುಟುರು ಹಾಕಿದಾಗ ಕಾಶೆವ್ವನಿಗೆ ತವರಿನವರು ಮಾತಾಡಿಸಿದಂತಾಯಿತು.

"ಹಕ್ಕಿ ಎಲ್ಲಿ? ಅಣ್ಣ ಬಂಡಿಗಲ್ಲು ಕಾಣದಷ್ಟು ಅಂದಿದ್ದ," ಎಂದ ಪರಪ್ಪ. ಮಣಿಯುವ ಮೊದಲಿನ ಕಡೆಯ ಹಠ ಅದು.

ಕಾಶೆವ್ವ ಉತ್ತರ ಹೇಳಬೇಕಾಗಲಿಲ್ಲ. ಪಡುವಣದಲ್ಲಿ ಯಾರೋ ಹಿಟ್ಟು ತೂರಿದ ಹಾಗೆ ಒಂದು ಬಿಳುಪು ಎದ್ದಿತು. ಅದು ಹತ್ತಿರ ಬಂತು, ಚೂರು ಚೂರಾಯಿತು, ಚೂರಿಗೆಲ್ಲ ರೆಕ್ಕೆ ಮೂಡಿದವು. ಹಗಲೆಲ್ಲ ಸಮುದ್ರದ ಮೇಲೆ ಮೇಯ್ದ ಹಕ್ಕಿಗಳು ಮನೆಗೆ ಮರಳುತ್ತಿದ್ದವು. ಹಿಂಡಿನ ಮೇಲೆ ಹಿಂಡು. ಕತ್ತರಿಬಾಲದವು, ತಲೆಗೆ ಕರಿ ಕುಲಾವಿ ಹಾಕಿದಂಥವು, ಕೋಳಿಯಷ್ಟು ದಪ್ಪನೆಯವು. ಅವುಗಳ ಕೂಗಿಗೆ ತೆರೆಯ ಸದ್ದೇ ಅಡಗಿತು. ನೆತ್ತಿ ತುಂಬಿತು, ಹೆಗಲು ತುಂಬಿತು. ಜಾಗಕ್ಕಾಗಿ ನೂಕಾಡಿದವು, ಬೈದಾಡಿದವು. ಕಪ್ಪು ಬಂಡೆ ನೋಡನೋಡುತ್ತ ಸುಣ್ಣ ಬಳಿದ ಮಠದ ಗೋಡೆಯಾಯಿತು. ಒಂದು ಹಕ್ಕಿ ಪರಪ್ಪನ ರುಮಾಲಿನ ಮೇಲೆ ಹಿಕ್ಕೆ ಹಾಕಿ ಹೋಯಿತು.

"ತಗೋ, ನಿನ್ನ ಮಾತಿಗೆ ಉತ್ತರ ಬಂತು," ಎಂದಳು ಕಾಶೆವ್ವ. ಶ್ರಾವಣದಿಂದ ಇಲ್ಲಿಯವರೆಗೆ ಅವಳು ನಕ್ಕದ್ದು ಅದೇ ಮೊದಲು.

ಆಚೆ ಕೋಡುಗಲ್ಲಿನ ಮೇಲೆ ಕಟ್ಟಿಗೆಯ ರಾಶಿಯೊಂದಿತ್ತು. ಯಾರೋ ಒಟ್ಟಿದ ಸೌದೆ ಎಂದುಕೊಂಡಿದ್ದರು. ಬೂದು ರೆಕ್ಕೆ, ಬಿಳಿ ಎದೆಯ ಹದ್ದು ಗಾಳಿಯನ್ನು ಬಡಿಯದೆ ತೇಲಿ ಬಂದು ಅದರ ಮೇಲೆ ಇಳಿಯಿತು. ಕಾಲಲ್ಲಿ ಪಟ್ಟೆಪಟ್ಟೆಯ ನೀರುಹಾವು ಇನ್ನೂ ಹೊರಳುತ್ತಿತ್ತು. ಕಟ್ಟಿಗೆಯ ರಾಶಿಯಿಂದ ಕಂದು ಕತ್ತೊಂದು ಮೇಲೆದ್ದು ಬಾಯಿ ತೆರೆಯಿತು. ತಾಯಿಹದ್ದು ಹಾವನ್ನು ಕಾಲಡಿ ಒತ್ತಿ ಹಿಡಿದು, ಹರಿದು, ತುತ್ತು ತುತ್ತಾಗಿ ಇಟ್ಟಿತು.

ಪರಪ್ಪ ರುಮಾಲು ತೆಗೆದು ಮಡಿಲಲ್ಲಿಟ್ಟುಕೊಂಡ. ಅವನ ಭುಜ ಅಲುಗತೊಡಗಿತು. "ಅಣ್ಣಾ," ಎಂದ. "ಸಾಯೂತನಕ ನಕ್ಕೆ ನಾ ನಿನ್ನ ಮ್ಯಾಲ."

"ಅಳಬ್ಯಾಡ. ನೋಡು," ಎಂದಳು ಕಾಶೆವ್ವ. "ಅತ್ತರ ಕಣ್ಣು ಮಂಜಾಗತಾವು. ಅವರು ಒಬ್ಬರs ನೋಡಿದ್ದನ್ನ ನಾವು ಇಬ್ಬರು ಚಂದಾಗಿ ನೋಡೂಣು."

ಸೂರ್ಯ ಕೆಂಪಗಾಗುವ ಹೊತ್ತಿಗೆ ಅವಳಿಗೆ ಉಂಡು ತಿರುಗಿ ಬರುವ ನೀರಿನ ನೆನಪಾಯಿತು. ಇಳಿದು ಬಂದರೆ ಮರಳಿನ ನಡುವೆ ಆಗಲೇ ಕಾಲುವೆಯಷ್ಟು ನೀರು ಹರಿಯುತ್ತಿತ್ತು. ಹೋಗುವಾಗ ಒಣಗಾಲಲ್ಲಿ ಹೋದವರು ಬರುವಾಗ ಮೊಣಕಾಲುದ್ದ ನೀರಲ್ಲಿ, ಕೈ ಕೈ ಹಿಡಿದು, ಏಳುತ್ತ ಬೀಳುತ್ತ ದಂಡೆ ಸೇರಿದರು. ಪರಪ್ಪನ ಒಂದು ಮೆಟ್ಟು ಸಮುದ್ರದ ಪಾಲಾಯಿತು. ಆದರೆ ಅಂದು ಅವನು ದಿಬ್ಬವನ್ನು ಕುಂಟುತ್ತ ಹತ್ತಿದ್ದು ಕುಸ್ತಿ ಗೆದ್ದವನ ಹಾಗೆ.

ಗುಡಿಯ ಮುಂದೆ ಗಾಡಿ ಹೂಡದೆ ಇವರಿಗಾಗಿ ಕಾಯುತ್ತ ಸಿಟ್ಟಾಗಿದ್ದ ಗಾಡಿಕಾರರಿಗೆ ಪರಪ್ಪ ಉಸಿರು ತೆಗೆದುಕೊಳ್ಳದೆ ಎಲ್ಲ ಹೇಳಿದ. ಯಾರೂ ನಗಲಿಲ್ಲ. ಬಸವಣ್ಣೆಪ್ಪ ಎದ್ದು ಬಂದು ಕಾಶೆವ್ವನ ಮುಂದೆ ಕೈ ಮುಗಿದ.

"ದೊಡ್ಡಾಕಿ ನೀನವ್ವಾ. ನಿನ್ನ ಭಕ್ತಿಗೆ ಮೆಚ್ಚಿ ಶಿವ ಸಮುದ್ರ ಸರಿಸಿ ದಾರಿ ಕೊಟ್ಟಾನ. ಪವಾಡ ಆಗೇತಿ!"

"ಪವಾಡ! ಖರೆ ಪವಾಡ!" ಎಂದು ಮಾಳಪ್ಪನೂ ಅಡ್ಡಬೀಳಲು ಬಂದ.

ಕಾಶೆವ್ವ ಕಾಲು ಹಿಂದಕ್ಕೆಳೆದುಕೊಂಡಳು. ಮುಖ ಕೆಂಪಾಯಿತು.

"ಏಳೋ ಮ್ಯಾಲ! ನನಗ ಸಮುದ್ರ ಸರಿದದ್ದು ಪವಾಡ, ಅವರಿಗೆ ಸರಿದದ್ದು ಸುಳ್ಳು? ಇದೆಲ್ಲಿ ನ್ಯಾಯ ಬಸವಣ್ಣೆಪ್ಪಾ? ನೀವು ಬೇಕಾದ್ರ ಶಿವ ಸಮುದ್ರ ಸೀಳಿದ ಅಂದ್ರ ನಂಬತೀರಿ, ಒಬ್ಬ ಖರೆ ಮನಿಶಾ ನಡಕೋತ ಹೋಗಿ ಬಂದೆ ಅಂದ್ರ ನಂಬೂದಿಲ್ಲ. ಶಿವ ದಾರಿ ನನಗಷ್ಟ ಮಾಡಿಲ್ಲ. ಆ ನೀರು ದಿನಾ ಹೋಗತೈತಿ, ದಿನಾ ಬರತೈತಿ. ಮೀನದ ನಾತಕ್ಕ ಮೂಗು ಮುಚ್ಚಿಕೊಂಡು ನೀವು ಈ ದಿಬ್ಬದ ಮ್ಯಾಲ ಕುಂತೀರಿ, ಅಷ್ಟ. ನಾಳಿ ಸಂಜಿಮುಂದ ಎಲ್ಲಾರೂ ಬರ್ರಿ. ಬಂದು ನೋಡದs ಪವಾಡ ಅಂದವ್ನ ಗಾಡ್ಯಾಗ ನಾ ಕೂಡೂದಿಲ್ಲ, ನಡಕೋತ ಊರಿಗೆ ಹೋಗತೇನಿ."

ಬಸವಣ್ಣೆಪ್ಪ ಗಡ್ಡ ಕೆರೆದುಕೊಂಡ. ಬಂದರಿನಲ್ಲಿ ಎರಡನೆಯ ದಿನ ನಿಂತ ರೂಢಿ ಅವರ ಊರಿನ ಗಾಡಿಗಳಿಗೆ ಇರಲಿಲ್ಲ. "ಎತ್ತೂ ದಣದಾವ. ನಿಂದರೂಣು," ಎಂದ ಕಡೆಗೆ.

ಮರುದಿನ ಬಿಸಿಲು ವಾಲಿದಾಗ ದಂಡೆಯಲ್ಲಿ ಗಾಡಿಕಾರರ ಸಾಲು ನಿಂತಿತು. ಕೆಲವರು ಮೂಗಿಗೆ ರುಮಾಲಿನ ತುದಿ ಹಿಡಿದಿದ್ದರು. ನೀರು ಸರಿಯಿತು, ಮರಳು ಎದ್ದಿತು, ಕೂಡಿಕೊಂಡಿತು. ಯಾರೂ ಮಂತ್ರ ಹೇಳಿರಲಿಲ್ಲ, ಯಾರೂ ಉಪವಾಸವಿರಲಿಲ್ಲ. ಮಾಳಪ್ಪನಂತೂ ಹೊಟ್ಟೆ ಬಿರಿಯುವಂತೆ ಉಂಡು ಬಂದಿದ್ದ. ಕಾಶೆವ್ವ ಮುಂದೆ, ಹಿಂದೆ ಒಂಟಿ ಮೆಟ್ಟಿನ ಪರಪ್ಪ, ಅವನ ಹಿಂದೆ ಬಸವಣ್ಣೆಪ್ಪ, ಆಮೇಲೆ ಕೆಂಪು ಬಿಳಿ ರುಮಾಲುಗಳ ಸಾಲು. ಗೋಕಾಕ ಸೀಮೆಯ ಗಂಡಸರು ನೆಲದ ಮೇಲೆ ನಡೆದಂತೆ ಸಮುದ್ರದಲ್ಲಿ ನಡೆದರು. ನಡುವೆ ಬಂದಾಗ ಮಾಳಪ್ಪ ನಿಂತು, ಬಗ್ಗಿ, ಅಂಗೈಯಿಂದ ಮರಳನ್ನು ಮುಟ್ಟಿ ನೋಡಿದ.

"ಉದ್ದಪ್ಪಣ್ಣಾ," ಎಂದು ಗಟ್ಟಿಯಾಗಿ ಕೂಗಿದ, "ನೀ ಸುಳ್ಳುಗಾರ ಅಲ್ಲೋ, ನಾವs ಕುರುಡರೋ!" ಬಂಡೆಯ ಹಕ್ಕಿಗಳೆಲ್ಲ ಒಮ್ಮೆಗೇ ಎದ್ದು ಆಕಾಶ ತುಂಬಿದವು.

ಎಲ್ಲರೂ ಹದ್ದಿನ ಗೂಡಿನ ಕಡೆ ಬಾಯಿ ತೆರೆದುಕೊಂಡು ನಿಂತಾಗ ಕಾಶೆವ್ವ ಬಂಡೆಯ ಆಚೆ ಮಗ್ಗುಲಿಗೆ ಹೋದಳು. ಗದ್ದಲದಿಂದ ದೂರ, ಒಬ್ಬಳೇ ಗಂಡನ ಜೊತೆ ಒಂದು ಗಳಿಗೆ ಇರಬೇಕೆನ್ನಿಸಿತ್ತು. ಅಲ್ಲಿ, ಆಳದ ನೀಲಿಯಲ್ಲಿ, ಎಮ್ಮೆಯ ಬೆನ್ನಿನಂಥದು ಒಂದು ಮೇಲೆದ್ದು ಉಸ್ಸೆಂದು ಉಸಿರು ಬಿಟ್ಟಿತು. ಅದರ ಮಗ್ಗುಲಲ್ಲೇ ಒಂದು ಚಿಕ್ಕದು ಎದ್ದಿತು. ತಾಯಿ ಮುಳುಗಿದರೆ ಅದೂ ಮುಳುಗಿತು. ತಾಯಿ ಎದ್ದರೆ ಎದ್ದಿತು. ಒಮ್ಮೆ ಚಿಕ್ಕದು ನೀರಿನಿಂದ ಪೂರಾ ಮೇಲಕ್ಕೆ ನೆಗೆದು, ಬಿಸಿಲಲ್ಲಿ ಹೊಳೆದು, ಮಗ್ಗುಲಾಗಿ ಬಿದ್ದಿತು. ಅವಳು ಉಳಿದವರನ್ನು ಕರೆಯುವಷ್ಟರಲ್ಲಿ ಎರಡೂ ಇರಲಿಲ್ಲ. ಉದ್ದಪ್ಪ ಇದನ್ನು ಹೇಳಿರಲಿಲ್ಲ. ನೋಡಿದ್ದರೆ ಹೇಳದೆ ಬಿಡುವವನಲ್ಲ.

ಊರಿಗೆ ಮರಳಿದ ದಿನ ಬಸವನ ಗುಡಿಯ ಕಟ್ಟೆಯ ಸುತ್ತ ಊರೇ ನೆರೆಯಿತು. ಗಾಡಿಕಾರರು ಒಬ್ಬರ ಮಾತನ್ನೊಬ್ಬರು ಕಿತ್ತುಕೊಂಡು ಹೇಳಿದರು. ಮಠಕ್ಕೆ ತಪ್ಪುಗಾಣಿಕೆ ಹೋಗುತ್ತದೆ, ಆದರೆ ನನ್ನ ಹೆಸರಲ್ಲಿ ಎಂದ ಪರಪ್ಪ. ನನ್ನದೂ ಕೂಡಿಸು ಎಂದ ಮಾಳಪ್ಪ. ಎಲ್ಲರ ಮಾತು ಮುಗಿದ ಮೇಲೆ ಬಸವಣ್ಣೆಪ್ಪ, "ನೀ ಏನೂ ಹೇಳಲಿಲ್ಲಲ್ಲ ಕಾಶೆವ್ವಾ," ಎಂದ.

ಅವಳು ತಡವರಿಸಿದಳು. ಹೇಳಲೇ, ಬೇಡವೇ? ಸಾಕ್ಷಿ ಯಾರೂ ಇರಲಿಲ್ಲ. ನೀರೊಳಗಿನ ಪ್ರಾಣಿ ಉಸಿರು ಬಿಟ್ಟಿತು, ಆಕಾಶಕ್ಕೆ ನೆಗೆಯಿತು ಎಂದರೆ ಗೆದ್ದ ಮನೆಗೆ ಮತ್ತೆ ನಗೆಯನ್ನು ಕರೆದಂತೆ. ಆದರೆ ಕಂಡದ್ದನ್ನು ನಗೆಗೆ ಹೆದರಿ ನುಂಗಿಕೊಂಡ ಮನೆಯಲ್ಲ ಅದು.

"ನಾ ಒಂದು ನೋಡೇನಿ," ಎಂದಳು. "ನಾ ಒಬ್ಬಾಕಿನs ನೋಡೇನಿ. ಎಮ್ಮಿಯಂಥಾ ಮೀನಾ ಅಂತೀರೋ ಏನಂತೀರೋ, ಅದು ಮ್ಯಾಲ ಬಂದು ನಮ್ಮಂಗ ಉಸರ ಬಿಟ್ತು. ಬಾಜೂಕ ಅದರ ಕರ ಇತ್ತು. ಕರ ನೀರು ಬಿಟ್ಟು ಮ್ಯಾಲಕ್ಕ ಹಾರಿ ಬಿತ್ತು."

ಅವಳು ಕಾದಳು. ಯಾರೂ ನಗಲಿಲ್ಲ. ಒಬ್ಬರ ಮುಖವನ್ನೊಬ್ಬರು ನೋಡಿಕೊಳ್ಳಲೂ ಇಲ್ಲ. ಮಾಳಪ್ಪ ಮುಂದಕ್ಕೆ ಸರಿದು ಕೂತು, ಮಗುವಿನಂತೆ ಕಣ್ಣರಳಿಸಿ ಕೇಳಿದ:

"ಕರ ಎಷ್ಟು ದೊಡ್ಡದಿತ್ತಬೇ ಯವ್ವಾ?"

ಕಾಶೆವ್ವ ಸೆರಗು ಸರಿಮಾಡಿಕೊಂಡು, ಎರಡೂ ಕೈಗಳನ್ನು ಅಗಲಿಸಿ, ಇನ್ನೂ ತುಸು ಅಗಲಿಸಿ, ತೋರಿಸಿದಳು.